ಬಳಸಿದ ಹಳೆಯ ಅಂಚೆಚೀಟಿ: ಗುರುತು ಹಿಡಿಯುವ ಮತ್ತು ಬೆಲೆ ಅಂದಾಜಿಸುವ ಕ್ರಮ

ವಿಕ್ಟೋರಿಯಾ ರಾಣಿಯ ಮುಖವಿರುವ ಅರ್ಧ ಆಣೆಯ ಹಸಿರು ಅಂಚೆಚೀಟಿ ನೂರಿಪ್ಪತ್ತು ವರ್ಷಗಳಿಗೂ ಹಳೆಯದು. ಆದರೂ ಬಳಸಿದ ಸ್ಥಿತಿಯಲ್ಲಿ ಅದು ಇಂದಿಗೂ ಚಿಲ್ಲರೆ ಹಣಕ್ಕೆ ದೊರೆಯುತ್ತದೆ. 1948ರ ಆಗಸ್ಟ್ 15ರಂದು ಹೊರಬಂದ ಗಾಂಧೀಜಿಯವರ ಹತ್ತು ರೂಪಾಯಿಯ ಚೀಟಿ ಅದಕ್ಕಿಂತ ಎಷ್ಟೋ ಕಿರಿಯದಾದರೂ ಬೆಲೆಯಲ್ಲಿ ಅದಕ್ಕಿಂತ ಬಹಳ ಮೇಲಿದೆ. ಅರ್ಧ ಆಣೆ ಆ ಕಾಲದಲ್ಲಿ ಒಂದು ಸಾಮಾನ್ಯ ಕಾಗದಕ್ಕೆ ತಗಲುತ್ತಿದ್ದ ಅಂಚೆ ವೆಚ್ಚವಾಗಿತ್ತು. ಹೀಗಾಗಿ ಅದು ಅಪಾರ ಸಂಖ್ಯೆಯಲ್ಲಿ ಅಚ್ಚಾಗಿ, ದೇಶದ ಮೂಲೆಮೂಲೆಗೆ ಹೋಗಿ, ಮನೆಮನೆಯ ಕಾಗದದ ಕಟ್ಟುಗಳಲ್ಲಿ ಉಳಿದುಕೊಂಡಿತು. ಹತ್ತು ರೂಪಾಯಿಯ ಚೀಟಿಯನ್ನು ಕೊಂಡು ಕಾಗದಕ್ಕೆ ಅಂಟಿಸಿದವರು ವಿರಳ. ಅಂಚೆಚೀಟಿಯ ಬೆಲೆಯನ್ನು ವಯಸ್ಸೊಂದೇ ನಿರ್ಣಯಿಸುವುದಿಲ್ಲ. ಅದು ನಿಖರವಾಗಿ ಯಾವ ಮುದ್ರಣದ್ದು, ಈಗ ಯಾವ ಸ್ಥಿತಿಯಲ್ಲಿದೆ, ಅದರ ಮೇಲೆ ಯಾವ ಊರಿನ ಯಾವ ಬಗೆಯ ಮೊಹರು ಬಿದ್ದಿದೆ, ಅಂಥದ್ದನ್ನು ಬಯಸುವವರು ಎಷ್ಟು ಮಂದಿ ಇದ್ದಾರೆ ಎಂಬ ಪ್ರಶ್ನೆಗಳಿಗೆ ಇದೇ ಸರದಿಯಲ್ಲಿ ಉತ್ತರ ಕಂಡುಕೊಂಡ ಮೇಲಷ್ಟೇ ಬೆಲೆಯ ಮಾತಿಗೆ ಅರ್ಥ ಬರುತ್ತದೆ.

ಈ ಲೇಖನದಲ್ಲಿ ಬಹುಪಾಲು ಭಾರತದ ಅಂಚೆಚೀಟಿಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ, ಏಕೆಂದರೆ ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಅವೇ.

ಮುಟ್ಟುವ ಮೊದಲು

ಚೀಟಿ ಇನ್ನೂ ಲಕೋಟೆಯ ಮೇಲೋ ಕಾರ್ಡಿನ ಮೇಲೋ ಅಂಟಿಕೊಂಡಿದ್ದರೆ ಅದನ್ನು ದಯವಿಟ್ಟು ಕತ್ತರಿಸಬೇಡಿ, ನೀರಿಗೂ ಹಾಕಬೇಡಿ. ಇಡೀ ಲಕೋಟೆಯಲ್ಲಿ ಚೀಟಿಯ ಜೊತೆಗೆ ಕಳುಹಿಸಿದ ಊರು, ತಲುಪಿದ ಊರು, ದಿನಾಂಕ, ತೆತ್ತ ದರ, ಕಾಗದ ಸಾಗಿದ ದಾರಿ ಎಲ್ಲವೂ ದಾಖಲಾಗಿರುತ್ತವೆ. ಬಿಡಿಯಾಗಿ ನಾಲ್ಕು ಕಾಸು ಬೆಲೆಬಾಳದ ಚೀಟಿ ಅಪರೂಪದ ಮೊಹರುಳ್ಳ ಲಕೋಟೆಯ ಮೇಲೆ ಇದ್ದಾಗ ಸಂಗ್ರಾಹಕರು ಅದಕ್ಕೆ ಅನೇಕ ಪಟ್ಟು ಹೆಚ್ಚು ಕೊಡುತ್ತಾರೆ. ಚಂದವಾದ ಚೀಟಿಯಷ್ಟೇ ಇರಲಿ ಎಂದು ಹಿಂದಿನ ತಲೆಮಾರಿನವರು ಕತ್ತರಿಸಿ ಎಸೆದ ಲಕೋಟೆಗಳ ನಷ್ಟವನ್ನು ಇನ್ನು ತುಂಬುವಂತಿಲ್ಲ. ಉಳಿದಿರುವುದನ್ನಾದರೂ ಕಾಪಾಡುವುದು ನಮ್ಮ ಕೈಯಲ್ಲಿದೆ.

ಚೀಟಿಯನ್ನು ಬೆರಳಿನಿಂದ ಎತ್ತದೆ, ತುದಿ ಚಪ್ಪಟೆಯಾಗಿರುವ ಚಿಮುಟದಿಂದ ಎತ್ತಬೇಕು. ಬೆರಳಿನ ಬೆವರು ಮತ್ತು ಎಣ್ಣೆಯಂಶ ಕಾಗದದಲ್ಲಿ ಕಲೆಯಾಗಿ ನಿಲ್ಲುತ್ತದೆ. ಇದರ ಜೊತೆಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಂಚಿನ ರಂಧ್ರಗಳನ್ನು ಅಳೆಯುವ ಮಾಪಕ, ಕಪ್ಪು ಬಣ್ಣದ ಒಂದು ಸಣ್ಣ ತಟ್ಟೆ ಮತ್ತು ಹಗಲಿನ ಬೆಳಕು ಇದ್ದರೆ ಆರಂಭದ ಕೆಲಸಕ್ಕೆ ಸಾಕು.

ಅದು ನಿಜಕ್ಕೂ ಅಂಚೆಚೀಟಿಯೇ?

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಈ ಗೊಂದಲ ಸಾಮಾನ್ಯ. ಕ್ರಯಪತ್ರ, ಸಾಲಪತ್ರ, ಕೋರ್ಟಿನ ಕಾಗದಗಳ ಮೇಲೆ ಅಂಟಿಸಿದ ಮೈಸೂರು ಸಂಸ್ಥಾನದ ಕೋರ್ಟ್ ಫೀ ಸ್ಟ್ಯಾಂಪು ಮತ್ತು ರೆವಿನ್ಯೂ ಸ್ಟ್ಯಾಂಪುಗಳನ್ನು ಮೈಸೂರಿನ ಅಂಚೆಚೀಟಿಗಳೆಂದು ಭಾವಿಸಿ, ಅವು ಬಹಳ ದುಬಾರಿಯವೆಂದು ನಂಬಿರುವವರು ಅನೇಕರಿದ್ದಾರೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ, ಆರಂಭವಾಯಿತೆನ್ನಲಾಗುವ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆ ವ್ಯವಸ್ಥೆಯಲ್ಲಿ ವಿಲೀನವಾಯಿತು. ತಿರುವಾಂಕೂರು, ಕೊಚ್ಚಿ, ಹೈದರಾಬಾದ್ ಸಂಸ್ಥಾನಗಳಂತೆ ಸ್ವಂತ ಅಂಚೆಚೀಟಿ ಹೊರಡಿಸಿದ ಸಂಸ್ಥಾನಗಳ ಪಟ್ಟಿಯಲ್ಲಿ ಮೈಸೂರಿನ ಹೆಸರು ಚೀಟಿಗಳ ವಿವರ ಮತ್ತು ಬೆಲೆ ಕೊಡುವ ಕ್ಯಾಟಲಾಗುಗಳಲ್ಲಿ ಇಲ್ಲ. ಆದ್ದರಿಂದ ಮೈಸೂರಿನ ಹೆಸರಿರುವ ಸ್ಟ್ಯಾಂಪು ಸಿಕ್ಕರೆ ಅದು ತೆರಿಗೆ ಅಥವಾ ನ್ಯಾಯಾಲಯ ಶುಲ್ಕದ್ದೇ ಎಂದು ತಿಳಿದು ಮುಂದುವರಿಯುವುದು ಸರಿ. ಅಂಥ ಸ್ಟ್ಯಾಂಪುಗಳಿಗೂ ಪ್ರತ್ಯೇಕ ಸಂಗ್ರಾಹಕರಿದ್ದಾರೆ, ಅವುಗಳ ಕ್ಯಾಟಲಾಗುಗಳೂ ಬೇರೆಯೇ ಇವೆ. ಅವನ್ನು ಮೂಲ ದಸ್ತಾವೇಜಿನಿಂದ ಕೀಳದೆ ಹಾಗೆಯೇ ಇಡಬೇಕು.

ಇನ್ನೊಂದು ಬಗೆಯ ಚೀಟಿಯ ಮೇಲೆ "ಇಂಡಿಯಾ ಪೋಸ್ಟೇಜ್ ಅಂಡ್ ರೆವಿನ್ಯೂ" ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಏಳನೆಯ ಎಡ್ವರ್ಡ್ ದೊರೆಯ ಕಾಲದಲ್ಲಿ, 1906ರಲ್ಲಿ, ಅರ್ಧ ಆಣೆ ಮತ್ತು ಒಂದಾಣೆಯ ಚೀಟಿಗಳು ಹೀಗೆ ಬಂದವು. ಅವನ್ನು ಕಾಗದಕ್ಕೂ ಅಂಟಿಸಬಹುದಿತ್ತು, ರಸೀತಿಗೂ ಅಂಟಿಸಬಹುದಿತ್ತು. ಅವುಗಳ ಮೇಲೆ ಅಂಚೆಯ ಮೊಹರಿದ್ದರೆ ಅಂಚೆಗೆ ಬಳಕೆಯಾದವು, ಶಾಯಿಯ ಸಹಿಯೋ ಪೆನ್ನಿನ ಗೀಟೋ ಇದ್ದರೆ ರಸೀತಿಗೆ ಬಳಕೆಯಾದವು. ಎರಡನೆಯದರ ಬೆಲೆ ಅಂಚೆ ಸಂಗ್ರಾಹಕರ ಲೆಕ್ಕದಲ್ಲಿ ಬಹಳ ಕಡಿಮೆ.

ಯಾವ ದೇಶದ್ದು, ಯಾವ ಸಂಸ್ಥಾನದ್ದು?

ವಿದೇಶಿ ಚೀಟಿಗಳಲ್ಲಿ ದೇಶದ ಹೆಸರು ಆಯಾ ಭಾಷೆಯಲ್ಲಿರುತ್ತದೆ. ಹೆಲ್ವೇಶಿಯಾ ಎಂದಿದ್ದರೆ ಸ್ವಿಟ್ಜರ್ಲೆಂಡ್, ಮಾಗ್ಯಾರ್ ಎಂದಿದ್ದರೆ ಹಂಗೇರಿ, ಸುವೋಮಿ ಎಂದಿದ್ದರೆ ಫಿನ್ಲೆಂಡ್, ಸ್ವೆರಿಯೆ ಎಂದಿದ್ದರೆ ಸ್ವೀಡನ್. ದೇಶದ ಹೆಸರೇ ಇಲ್ಲದೆ ದೊರೆಯ ಅಥವಾ ರಾಣಿಯ ತಲೆ ಮತ್ತು ಬೆಲೆ ಮಾತ್ರ ಇದ್ದರೆ ಅದು ಬ್ರಿಟನ್ನಿನದು. 1840ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಜಗತ್ತಿನ ಮೊದಲ ಅಂಟಿಸುವ ಚೀಟಿ ಪೆನ್ನಿ ಬ್ಲ್ಯಾಕ್‌ನ ಕಾಲದಿಂದಲೂ ಆ ದೇಶ ತನ್ನ ಹೆಸರನ್ನು ಚೀಟಿಯ ಮೇಲೆ ಹಾಕಿಲ್ಲ.

ಸಂಸ್ಥಾನಗಳ ವಿಷಯ ನಮಗೆ ಹೆಚ್ಚು ಹತ್ತಿರದ್ದು. ಕಲಬುರಗಿ, ಬೀದರ್, ರಾಯಚೂರು ಭಾಗಗಳು ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಆ ಕಡೆಯ ಹಳೆಯ ಕಾಗದಗಳಲ್ಲಿ ಹೈದರಾಬಾದ್ ಸಂಸ್ಥಾನದ ಚೀಟಿಗಳು ದೊರೆಯುತ್ತವೆ. ಅವುಗಳ ನಡುವೆ ಪರ್ಷಿಯನ್ ಲಿಪಿಯ ಅಲಂಕಾರಿಕ ಬರಹ ಎದ್ದು ಕಾಣುತ್ತದೆ. ಶಂಖದ ಚಿತ್ರವೂ ಚಕ್ರಂ ಎಂಬ ನಾಣ್ಯದ ಹೆಸರೂ ಇದ್ದರೆ ಅದು ತಿರುವಾಂಕೂರಿನದು, ಪುತ್ತನ್ ಎಂಬ ನಾಣ್ಯದ ಹೆಸರಿದ್ದರೆ ಕೊಚ್ಚಿಯದು. ಪಟಿಯಾಲ, ಗ್ವಾಲಿಯರ್, ಜೀಂದ್, ನಾಭಾ, ಚಂಬಾ ಸಂಸ್ಥಾನಗಳು ಬ್ರಿಟಿಷ್ ಇಂಡಿಯಾದ ಚೀಟಿಗಳ ಮೇಲೆಯೇ ತಮ್ಮ ಹೆಸರನ್ನು ಮೇಲಚ್ಚು ಹಾಕಿಸಿಕೊಂಡವು. ಇಂಥ ಮೇಲಚ್ಚನ್ನು ಗಮನಿಸದೆ ಚೀಟಿಯನ್ನು ಸಾಮಾನ್ಯ ಭಾರತೀಯ ಚೀಟಿಯೆಂದು ಬದಿಗಿಡುವುದು ಹೊಸಬರಲ್ಲಿ ಆಗಾಗ ಕಾಣುವ ತಪ್ಪು.

ಕಾಲವನ್ನು ಗೊತ್ತುಪಡಿಸುವುದು

ಭಾರತದ ಚೀಟಿಗೆ ಕಾಲ ನಿಗದಿಪಡಿಸಲು ಮೂರು ಕುರುಹುಗಳು ಕಣ್ಣಿಗೆ ನೇರವಾಗಿ ಕಾಣುತ್ತವೆ: ಮುಖ, ಬರಹ, ನಾಣ್ಯ.

ಮುಖ ವಿಕ್ಟೋರಿಯಾ ರಾಣಿಯದಾದರೆ ಚೀಟಿಯ ವಿನ್ಯಾಸ 1854ಕ್ಕೂ 1901ಕ್ಕೂ ನಡುವಿನದು. ಗಡ್ಡವುಳ್ಳ, ತಲೆ ಬೋಳಾದ ಏಳನೆಯ ಎಡ್ವರ್ಡ್ 1902ರಿಂದ, ಕಿರೀಟ ಧರಿಸಿದ ಗಡ್ಡದ ಐದನೆಯ ಜಾರ್ಜ್ 1911ರಿಂದ, ಗಡ್ಡವಿಲ್ಲದ ಆರನೆಯ ಜಾರ್ಜ್ 1937ರಿಂದ ಕಾಣಿಸಿಕೊಳ್ಳುತ್ತಾರೆ. ಆರನೆಯ ಜಾರ್ಜನ ಮೊದಲ ಸರಣಿಯಲ್ಲಿ ಟಪಾಲು ಓಡಿಸುವವನು, ಎತ್ತಿನ ಗಾಡಿ, ಟಾಂಗಾ, ಒಂಟೆ, ರೈಲು, ಹಡಗು, ಲಾರಿ, ವಿಮಾನ ಹೀಗೆ ಟಪಾಲು ಸಾಗುವ ಬಗೆಗಳನ್ನೆಲ್ಲ ಚಿತ್ರಿಸಲಾಗಿದೆ. ಸ್ವತಂತ್ರ ಭಾರತದ ಮೊದಲ ಚೀಟಿ 1947ರ ನವೆಂಬರ್ 21ರಂದು ತ್ರಿವರ್ಣ ಧ್ವಜ ಮತ್ತು "ಜೈ ಹಿಂದ್" ಘೋಷದೊಂದಿಗೆ ಮೂರೂವರೆ ಆಣೆಯ ಬೆಲೆಗೆ ಬಂತು. 1949ರ ಆಗಸ್ಟ್ 15ರಂದು ಬಂದ ಪುರಾತತ್ವ ಸರಣಿಯ ಆರಾಣೆಯ ಚೀಟಿಯಲ್ಲಿ ನಮ್ಮ ವಿಜಯಪುರದ ಗೋಲಗುಮ್ಮಟವಿದೆ. ಅದು ದುಬಾರಿಯಲ್ಲದಿದ್ದರೂ ಕನ್ನಡಿಗರ ಸಂಗ್ರಹದಲ್ಲಿ ಇರಲೇಬೇಕಾದ ಚೀಟಿಯೆಂಬುದು ನನ್ನ ಅಭಿಪ್ರಾಯ. ಅದೇ ಸರಣಿಯ ಒಂದಾಣೆಯ ಬೋಧಿಸತ್ವನ ಚಿತ್ರ ಮೊದಲು ಎಡಬಲ ತಿರುಗಿ ಅಚ್ಚಾಗಿ, 1950ರಲ್ಲಿ ಸರಿಪಡಿಸಲ್ಪಟ್ಟಿತು. ಆದ್ದರಿಂದ ಒಂದಾಣೆಯ ಬೋಧಿಸತ್ವ ಸಿಕ್ಕರೆ ಎರಡರಲ್ಲಿ ಯಾವುದು ಎಂದು ಕ್ಯಾಟಲಾಗಿನ ಚಿತ್ರದೊಂದಿಗೆ ಹೋಲಿಸಿ ನೋಡಬೇಕು.

ನಾಣ್ಯದ ಲೆಕ್ಕವೂ ಅಷ್ಟೇ ಸ್ಪಷ್ಟ. ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ ಎಂಬ ಲೆಕ್ಕದ ಚೀಟಿಗಳು 1957ರ ಏಪ್ರಿಲ್ 1ಕ್ಕಿಂತ ಹಿಂದಿನವು. ಅಂದು ದಶಮಾಂಶ ಪದ್ಧತಿ ಜಾರಿಗೆ ಬಂದು, ಭಾರತದ ನಕಾಶೆಯುಳ್ಳ ಚೀಟಿಗಳು ನಯಾ ಪೈಸೆಯ ಬೆಲೆಯಲ್ಲಿ ಹೊರಬಂದವು. 1964ರಲ್ಲಿ ನಾಣ್ಯದ ಹೆಸರಿನಿಂದ "ನಯಾ" ಎಂಬುದು ಬಿಟ್ಟುಹೋಯಿತು.

ಅರ್ಧ ಆಣೆಯನ್ನು ಹತ್ತಿರದಿಂದ ನೋಡೋಣ

ಮುಖ, ಬೆಲೆ ಎರಡೂ ಒಂದೇ ಆಗಿದ್ದರೂ ಚೀಟಿಗಳು ಬೇರೆಬೇರೆಯಾಗಿರಬಹುದು. ಗುರುತು ಹಿಡಿಯುವ ಕೆಲಸದ ಕಷ್ಟವೂ ಸೊಗಸೂ ಇರುವುದು ಇಲ್ಲಿಯೇ. ಒಂದು ವಿಕ್ಟೋರಿಯಾ ಅರ್ಧ ಆಣೆ ನಿಮ್ಮ ಎದುರಿಗಿದೆಯೆಂದು ಭಾವಿಸಿ.

ಮೊದಲು ಅಂಚನ್ನು ನೋಡಬೇಕು. ಅಂಚಿನಲ್ಲಿ ಹಲ್ಲುಗಳಿಲ್ಲದೆ ಕತ್ತರಿಯಲ್ಲಿ ಕತ್ತರಿಸಿದಂತಿದ್ದು, ನೀಲಿ ಬಣ್ಣದಲ್ಲಿದ್ದು, ಮೇಲೆ ಬರೀ "ಇಂಡಿಯಾ" ಎಂದೂ ಕೆಳಗೆ "ಹಾಫ್ ಆನ" ಎಂದೂ ಇದ್ದರೆ, ಅದು ಕಲ್ಕತ್ತೆಯಲ್ಲಿ ಕಲ್ಲಚ್ಚಿನಲ್ಲಿ ಮುದ್ರಿತವಾಗಿ 1854ರ ಅಕ್ಟೋಬರ್ 1ರಿಂದ ದೇಶಾದ್ಯಂತ ಚಲಾವಣೆಗೆ ಬಂದ ಮೊದಲ ಸರಣಿಯದಾಗಿರಬಹುದು. ಇದರಲ್ಲಿಯೂ ಹಲವು ಅಚ್ಚುಗಳಿದ್ದು, ರಾಣಿಯ ಕೂದಲಿನ ಗಂಟು ಮತ್ತು ಕಿರೀಟದ ಗೆರೆಗಳಲ್ಲಿ ಸೂಕ್ಷ್ಮ ವ್ಯತ್ಯಾಸಗಳಿವೆ. ಆ ಹಂತಕ್ಕೆ ಬಂದಾಗ ಭೂತಗನ್ನಡಿ ಮತ್ತು ದೊಡ್ಡ ಕ್ಯಾಟಲಾಗು ಎರಡೂ ಬೇಕಾಗುತ್ತವೆ.

ಅಂಚಿನಲ್ಲಿ ಹಲ್ಲುಗಳಿದ್ದು, ಬಣ್ಣ ನೀಲಿಯಾಗಿದ್ದು, "ಈಸ್ಟ್ ಇಂಡಿಯಾ ಪೋಸ್ಟೇಜ್" ಎಂದಿದ್ದರೆ ಅದು ಲಂಡನ್ನಿನ ಡಿ ಲಾ ರೂ ಸಂಸ್ಥೆಯ ಮುದ್ರಣ. ಆದರೆ ಇಲ್ಲಿಗೆ ನಿಲ್ಲುವಂತಿಲ್ಲ. 1856ರಿಂದ ಬಂದ ಚೀಟಿಗಳ ಕಾಗದದಲ್ಲಿ ನೀರುಗುರುತು (ಕಾಗದ ತಯಾರಿಸುವಾಗಲೇ ಅದರಲ್ಲಿ ಮೂಡಿಸುವ ಮಸುಕಾದ ಗುರುತು) ಇರಲಿಲ್ಲ, 1865ರಿಂದ ಬಂದವುಗಳಲ್ಲಿ ಆನೆಯ ತಲೆಯ ನೀರುಗುರುತಿದೆ. ಮುಂದಿನಿಂದ ನೋಡಿದರೆ ಎರಡೂ ಒಂದೇ, ಹಿಂದಿನಿಂದ ನೋಡಿದಾಗಲೇ ಅಂತರ ತಿಳಿಯುವುದು. ಇನ್ನು ಬಣ್ಣ ನೀಲಿಹಸಿರಾಗಿದ್ದು "ಇಂಡಿಯಾ ಪೋಸ್ಟೇಜ್" ಎಂದಿದ್ದರೆ ಅದು ನಕ್ಷತ್ರದ ನೀರುಗುರುತುಳ್ಳ, 1883ರಲ್ಲಿ ಬಂದ ಚೀಟಿ. 1882ರಿಂದ ಹೊಸ ವಿನ್ಯಾಸಗಳಲ್ಲಿ "ಈಸ್ಟ್" ಎಂಬುದನ್ನು ಕೈಬಿಡಲಾಯಿತು. ತಿಳಿ ಹಳದಿ ಮಿಶ್ರಿತ ಹಸಿರಾಗಿದ್ದರೆ ಶತಮಾನದ ತಿರುವಿನಲ್ಲಿ ಬಣ್ಣ ಬದಲಾದಾಗಿನದು. ಹೀಗೆ ಅಂಚು, ಬರಹ, ಬಣ್ಣ, ನೀರುಗುರುತು ಈ ನಾಲ್ಕನ್ನು ಕೂಡಿಸಿ ನೋಡಿದಾಗ "ರಾಣಿಯ ಅರ್ಧ ಆಣೆ" ಎಂಬ ಒಂದೇ ಮಾತಿನ ಹಿಂದೆ ಅರ್ಧ ಶತಮಾನದಷ್ಟು ಹರಡಿರುವ ಹಲವು ಚೀಟಿಗಳು ಬೇರ್ಪಡುತ್ತವೆ.

ನೀರುಗುರುತನ್ನು ಕಾಣುವ ಬಗೆ ಹೀಗಿದೆ. ಚೀಟಿಯನ್ನು ಕಪ್ಪು ತಟ್ಟೆಯಲ್ಲಿ ಬೆನ್ನು ಮೇಲಾಗಿ ಇಡಬೇಕು. ಓರೆಯಾಗಿ ಬೀಳುವ ಬೆಳಕಿನಲ್ಲಿಯೇ ಕೆಲವೊಮ್ಮೆ ಗುರುತು ಕಾಣಿಸಿಬಿಡುತ್ತದೆ. ಕಾಣದಿದ್ದರೆ ನೀರುಗುರುತು ನೋಡಲೆಂದೇ ಮಾರುವ ದ್ರವದ ಒಂದೆರಡು ಹನಿಗಳನ್ನು ಅದರ ಮೇಲೆ ಬಿಡಬೇಕು. ಕಾಗದ ತೆಳುವಾಗಿರುವ ಜಾಗ ಕಪ್ಪಾಗಿ, ನಕ್ಷತ್ರವೋ ಆನೆಯ ತಲೆಯೋ ಕೆಲವು ಕ್ಷಣ ಮೂಡಿ, ದ್ರವ ಆರಿದೊಡನೆ ಮರೆಯಾಗುತ್ತದೆ. ಈ ದ್ರವಗಳಲ್ಲಿ ಹೆಚ್ಚಿನವು ಬೇಗ ಹೊತ್ತಿಕೊಳ್ಳುವಂಥವು. ಆದ್ದರಿಂದ ದೀಪ, ಒಲೆ, ಊದುಬತ್ತಿಗಳಿಂದ ದೂರದಲ್ಲಿ, ಕಿಟಕಿ ತೆರೆದಿಟ್ಟು ಈ ಕೆಲಸ ಮಾಡಬೇಕು. ಕೆಲವು ಮುದ್ರಣದ ಶಾಯಿಗಳು ಇದರಲ್ಲಿ ಕರಗುವ ಅಪಾಯವೂ ಇರುವುದರಿಂದ ಮೊದಲು ಬೆಲೆಯಿಲ್ಲದ ಒಂದು ಚೀಟಿಯ ಮೇಲೆ ಪ್ರಯೋಗಿಸಿ ನೋಡುವುದು ಒಳಿತು. ಇದೇ ಕ್ರಮದಲ್ಲಿ ತೆಳುವಾಗಿ ಸುಲಿದುಹೋದ ಕಾಗದ, ಕಣ್ಣಿಗೆ ಕಾಣದ ಮಡಿಕೆ, ಯಾರೋ ರಿಪೇರಿ ಮಾಡಿದ ಹರುಕು ಇವೂ ಬಯಲಿಗೆ ಬರುತ್ತವೆ.

ಐದನೆಯ ಜಾರ್ಜನ ಕಾಲಕ್ಕೆ ಬಂದರೆ ನೀರುಗುರುತು ಇನ್ನಷ್ಟು ಮುಖ್ಯವಾಗುತ್ತದೆ. 1926ರವರೆಗಿನ ಲಂಡನ್ ಮುದ್ರಣದ ಚೀಟಿಗಳಲ್ಲಿ ಒಂದಕ್ಕೆ ಒಂದೇ ನಕ್ಷತ್ರವಿದ್ದರೆ, ಆ ವರ್ಷದಿಂದ ನಾಸಿಕದ ಸೆಕ್ಯುರಿಟಿ ಪ್ರೆಸ್ಸಿನಲ್ಲಿ ಅಚ್ಚಾದ ಚೀಟಿಗಳಲ್ಲಿ ಸಣ್ಣ ನಕ್ಷತ್ರಗಳು ಸಾಲುಸಾಲಾಗಿವೆ. ಒಂದಾಣೆಯ ಕಂದು ಚೀಟಿ ಈ ಎರಡು ಬಗೆಯಲ್ಲಿಯೂ ಇದೆ.

ರಂಧ್ರಗಳ ಅಳತೆ ಸುಲಭ. ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ರಂಧ್ರಗಳಿವೆಯೆಂಬುದೇ ಆ ಸಂಖ್ಯೆ. ಡಿ ಲಾ ರೂ ಮುದ್ರಿಸಿದ ಭಾರತದ ಚೀಟಿಗಳು ಸಾಮಾನ್ಯವಾಗಿ 14ರ ಅಳತೆಯವು, ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯದಲ್ಲಿ ಅಚ್ಚಾದ 1948ರ ಗಾಂಧಿ ಚೀಟಿಗಳು 11½ರವು. ಗಾಂಧಿ ಹತ್ತು ರೂಪಾಯಿಯ ಚೀಟಿಯ ಅಳತೆ ಬೇರೆ ಬಂದರೆ ಸಂಶಯಪಡಲು ಅಷ್ಟೇ ಸಾಕು.

ಮೇಲಚ್ಚುಗಳು

ಚೀಟಿ ಅಚ್ಚಾದ ಮೇಲೆ ಅದರ ಮೇಲೆ ಮತ್ತೊಮ್ಮೆ ಹಾಕಿದ ಅಕ್ಷರಗಳನ್ನು ಬಿಡಿಬಿಡಿಯಾಗಿ ಓದಬೇಕು. "ಸರ್ವಿಸ್" ಅಥವಾ "ಆನ್ ಎಚ್.ಎಂ.ಎಸ್." ಎಂದಿದ್ದರೆ ಸರ್ಕಾರಿ ಕಚೇರಿಗಳ ಬಳಕೆಯದು. "ಸಿ.ಇ.ಎಫ್." ಎಂದಿದ್ದರೆ 1900ರಲ್ಲಿ ಚೀನಾಕ್ಕೆ ಹೋದ ಸೇನೆಯದು, "ಐ.ಇ.ಎಫ್." ಎಂದಿದ್ದರೆ ಮೊದಲ ಮಹಾಯುದ್ಧದ ಕಾಲದಲ್ಲಿ ಹೊರದೇಶಗಳಿಗೆ ಹೋದ ಭಾರತೀಯ ಸೇನೆಯದು. ಐದನೆಯ ಜಾರ್ಜನ ಒಂದಾಣೆಯ ಚೀಟಿಯ ಮೇಲೆ 1921ರಲ್ಲಿ "ನೈನ್ ಪೈಸ್" ಎಂದು ಹಾಕಿದ ಮೇಲಚ್ಚಿನಲ್ಲಿ ಕೆಲವೆಡೆ "ನೈನ್ ನೈನ್" ಎಂದೂ "ಪೈಸ್ ಪೈಸ್" ಎಂದೂ ತಪ್ಪಾಗಿ ಅಚ್ಚಾಗಿದೆ. ಸಾಮಾನ್ಯ ಚೀಟಿಗೂ ಈ ತಪ್ಪಚ್ಚಿಗೂ ಬೆಲೆಯಲ್ಲಿ ಅಜಗಜಾಂತರವಿದೆ.

ಮೊಹರನ್ನು ಓದುವುದು

ಬಳಸಿದ ಚೀಟಿಯ ಜೀವಾಳ ಅದರ ಮೊಹರು. ಹೊಸ ಚೀಟಿಗೆ ಇಲ್ಲದ ಒಂದು ಇತಿಹಾಸ ಬಳಸಿದ ಚೀಟಿಗೆ ಬರುವುದು ಮೊಹರಿನಿಂದಲೇ, ಆದ್ದರಿಂದ ಇದನ್ನು ಕೊಳೆಯೆಂದು ಕಾಣುವ ಅಭ್ಯಾಸವನ್ನು ಮೊದಲು ಬಿಡಬೇಕು.

ಆರಂಭದ ದಶಕಗಳ ಮೊಹರುಗಳಲ್ಲಿ ಊರಿನ ಹೆಸರಿಗೆ ಬದಲು ಗೆರೆಗಳ ಅಥವಾ ಚುಕ್ಕೆಗಳ ನಡುವೆ ಒಂದು ಸಂಖ್ಯೆ ಇರುತ್ತಿತ್ತು. ಆ ಸಂಖ್ಯೆ ಯಾವ ಅಂಚೆ ಕಚೇರಿಯದೆಂದು ತಿಳಿಸುವ ಪಟ್ಟಿಗಳು ಅಂಚೆ ಇತಿಹಾಸದ ಪುಸ್ತಕಗಳಲ್ಲಿವೆ. ಸಂಖ್ಯೆಯ ಮಹತ್ವಕ್ಕೆ ಎರಡು ಉದಾಹರಣೆ ಸಾಕು. ಭಾರತದ ಚೀಟಿಯ ಮೇಲೆ "ಬಿ 172" ಎಂದಿದ್ದರೆ ಅದು ಸಿಂಗಪುರದಲ್ಲಿ ಬಳಕೆಯಾದದ್ದು, "124" ಎಂದಿದ್ದರೆ ಏಡನ್ ಬಂದರಿನಲ್ಲಿ ಬಳಕೆಯಾದದ್ದು. 1867ರಲ್ಲಿ ಸ್ವಂತ ಚೀಟಿ ಬರುವವರೆಗೆ ಸಿಂಗಪುರದಲ್ಲಿಯೂ, 1937ರವರೆಗೆ ಏಡನ್ನಿನಲ್ಲಿಯೂ ಭಾರತದ ಚೀಟಿಗಳೇ ನಡೆಯುತ್ತಿದ್ದವು. ಹೀಗೆ ಹೊರನಾಡಿನಲ್ಲಿ ಬಳಕೆಯಾದ ಚೀಟಿಗಳಿಗೆ ಕ್ಯಾಟಲಾಗುಗಳಲ್ಲಿ ಪ್ರತ್ಯೇಕ ಪುಟಗಳೂ ಹೆಚ್ಚಿನ ಬೆಲೆಯೂ ಇವೆ.

ಮುಂದೆ ಬಂದ ದುಂಡು ಮೊಹರುಗಳಲ್ಲಿ ಊರಿನ ಹೆಸರು ಮತ್ತು ದಿನಾಂಕ ಇರುತ್ತದೆ. ಕರ್ನಾಟಕದ ಊರುಗಳನ್ನು ಹುಡುಕುವವರು ಬ್ರಿಟಿಷರ ಕಾಲದ ಹೆಸರುಗಳನ್ನು ತಿಳಿದಿರಬೇಕು. ಮರ್ಕೆರಾ ಎಂದರೆ ಮಡಿಕೇರಿ, ಕ್ಲೋಸ್‌ಪೇಟ್ ಎಂದರೆ ರಾಮನಗರ, ಫ್ರೆಂಚ್ ರಾಕ್ಸ್ ಎಂದರೆ ಪಾಂಡವಪುರ, ಸೆರಿಂಗಪಟಂ ಎಂದರೆ ಶ್ರೀರಂಗಪಟ್ಟಣ. ಬಳ್ಳಾರಿ ಮತ್ತು ಮಂಗಳೂರು ಮದ್ರಾಸ್ ಪ್ರಾಂತಕ್ಕೂ, ಧಾರವಾಡ ಮತ್ತು ಬೆಳಗಾವಿ ಮುಂಬಯಿ ಪ್ರಾಂತಕ್ಕೂ ಸೇರಿದ್ದವು ಎಂಬುದನ್ನೂ ನೆನಪಿನಲ್ಲಿಡಬೇಕು, ಇಲ್ಲವಾದರೆ ಹಳೆಯ ಪಟ್ಟಿಗಳಲ್ಲಿ ಈ ಊರುಗಳನ್ನು ತಪ್ಪಾದ ಕಡೆ ಹುಡುಕಬೇಕಾಗುತ್ತದೆ. ಬೆಂಗಳೂರು ದಂಡಿನ ಮೊಹರು ಹೇರಳವಾಗಿ ಸಿಗುತ್ತದೆ. ಸಣ್ಣ ಊರಿನ ಅಂಚೆ ಕಚೇರಿಯ ಮೊಹರು ಸ್ಪಷ್ಟವಾಗಿ ಬಿದ್ದ ಅಗ್ಗದ ಚೀಟಿಯನ್ನು, ಅದೇ ಊರಿನ ಅಂಚೆ ಇತಿಹಾಸ ಸಂಗ್ರಹಿಸುವವರು ಕ್ಯಾಟಲಾಗಿನ ಬೆಲೆಯನ್ನು ಲೆಕ್ಕಿಸದೆ ಕೊಳ್ಳುವುದುಂಟು. ನಿಮ್ಮ ಊರಿನ ಹಳೆಯ ಮೊಹರುಗಳನ್ನು ಒಂದೆಡೆ ಸೇರಿಸುವುದು ದೊಡ್ಡ ಹಣವಿಲ್ಲದೆ ಕಟ್ಟಬಹುದಾದ, ಇತಿಹಾಸಕ್ಕೂ ಉಪಯೋಗವಾಗುವ ಸಂಗ್ರಹವೆಂದು ನಾನು ಮನಃಪೂರ್ವಕವಾಗಿ ಹೇಳಬಲ್ಲೆ.

ಬೆಲೆ ತಗ್ಗಿಸುವ ಮೊಹರುಗಳೂ ಇವೆ. ಹತ್ತು, ಹದಿನೈದು, ಇಪ್ಪತ್ತೈದು ರೂಪಾಯಿಗಳ ದೊಡ್ಡ ಬೆಲೆಯ ಚೀಟಿಗಳು ಕಾಗದಗಳಿಗಿಂತ ತಂತಿ ಕಚೇರಿಯ ಶುಲ್ಕಕ್ಕೂ ಇತರ ಸರ್ಕಾರಿ ಪಾವತಿಗಳಿಗೂ ಹೆಚ್ಚಾಗಿ ಬಳಕೆಯಾದವು. ತಂತಿ ಕಚೇರಿಯ ಮೊಹರೋ ಪೆನ್ನಿನ ಗೀಟೋ ತೂತೋ ಇರುವ ಚೀಟಿಗೆ ಅಂಚೆಯ ಮೊಹರುಳ್ಳ ಚೀಟಿಯ ಬೆಲೆ ಸಿಗುವುದಿಲ್ಲ. ಪೆನ್ನಿನ ಶಾಯಿಯನ್ನು ರಾಸಾಯನಿಕದಿಂದ ತೊಳೆದು, ಅದರ ಮೇಲೆ ನಕಲಿ ಅಂಚೆ ಮೊಹರು ಒತ್ತಿ ಮಾರುವವರೂ ಇದ್ದಾರೆ. ಅಲ್ಟ್ರಾವಯಲೆಟ್ ದೀಪದ ಕೆಳಗೆ ತೊಳೆದ ಶಾಯಿಯ ಜಾಡು ಅನೇಕ ವೇಳೆ ಕಾಣಿಸುತ್ತದೆ.

ಸ್ಥಿತಿಯನ್ನು ತೂಗುವುದು

ಇಲ್ಲಿ ದಾಕ್ಷಿಣ್ಯ ಬೇಡ. ಚೀಟಿಯ ನಾಲ್ಕೂ ಮೂಲೆಗಳು ಪೂರ್ಣವಾಗಿವೆಯೇ, ಒಂದಾದರೂ ಹಲ್ಲು ಮುರಿದಿದೆಯೇ, ಚಿತ್ರ ನಡುವೆ ಕುಳಿತಿದೆಯೇ ಅಥವಾ ಒಂದು ಬದಿಗೆ ಸರಿದು ಅಂಚಿಗೆ ತಾಗಿದೆಯೇ, ಬಣ್ಣ ಬಿಸಿಲಿಗೆ ಮಾಸಿದೆಯೇ, ಹಿಂಬದಿಯಲ್ಲಿ ಕಾಗದ ಸುಲಿದಿದೆಯೇ, ಮೊಹರು ಹಗುರವಾಗಿ ಒಂದು ಬದಿಗೆ ಬಿದ್ದಿದೆಯೇ ಅಥವಾ ಇಡೀ ಮುಖವನ್ನು ಮಸಿಯಾಗಿಸಿದೆಯೇ ಎಂದು ಒಂದೊಂದಾಗಿ ನೋಡಬೇಕು. ಕರಾವಳಿ ಮತ್ತು ಮಲೆನಾಡಿನ ತೇವದಲ್ಲಿ ಇಟ್ಟ ಚೀಟಿಗಳಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳು ಏಳುತ್ತವೆ, ಅವು ಬೆಲೆಯನ್ನು ಬಹಳ ಇಳಿಸುತ್ತವೆ. ಹಲ್ಲುಗಳಿಲ್ಲದ ಮೊದಲ ಕಾಲದ ಚೀಟಿಗಳಲ್ಲಿ ನಾಲ್ಕೂ ಬದಿಗೆ ಬಿಳಿಯ ಅಂಚು ಉಳಿದಿದೆಯೇ ಎಂಬುದೇ ಮುಖ್ಯ. ಇದಕ್ಕೆ 1854ರ ನಾಲ್ಕಾಣೆಯ ಕೆಂಪು ನೀಲಿ ಚೀಟಿ ಒಳ್ಳೆಯ ನಿದರ್ಶನ. ಅದರ ಚೌಕಟ್ಟು ಎಂಟು ಮೂಲೆಗಳದ್ದಾದ್ದರಿಂದ ಅಂದಿನ ಜನ ಅದನ್ನು ಆ ಆಕಾರಕ್ಕೇ ಕತ್ತರಿಸಿ ಅಂಟಿಸುತ್ತಿದ್ದರು. ಹಾಗೆ ಕತ್ತರಿಸಿದ್ದಕ್ಕೂ ನಾಲ್ಕು ಮೂಲೆಯ ಕಾಗದ ಪೂರ್ತಿಯಾಗಿ ಉಳಿದದ್ದಕ್ಕೂ ಬೆಲೆಯಲ್ಲಿ ದೊಡ್ಡ ಅಂತರವಿದೆ. ಅದೇ ನಾಲ್ಕಾಣೆಯಲ್ಲಿ ರಾಣಿಯ ತಲೆ ಕೆಳಮುಖವಾಗಿ ಅಚ್ಚಾದವು ಭಾರತದ ಅತ್ಯಂತ ಪ್ರಸಿದ್ಧ ತಪ್ಪಚ್ಚುಗಳಲ್ಲಿ ಸೇರಿವೆ.

ಬೆಲೆಯಿಲ್ಲದ, ಲಕೋಟೆಯ ತುಂಡಿನ ಮೇಲಿರುವ ಸಾಮಾನ್ಯ ಚೀಟಿಯನ್ನು ಬಿಡಿಸಬೇಕಾದರೆ ತಣ್ಣನೆಯ ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ, ತಾನಾಗಿ ಬಿಟ್ಟುಕೊಳ್ಳುವವರೆಗೆ ನೆನೆಸಿ, ಒತ್ತುಕಾಗದದ ನಡುವೆ ಭಾರವಿಟ್ಟು ಒಣಗಿಸಬೇಕು. ಬಣ್ಣದ ಕಾಗದಕ್ಕೆ ಅಂಟಿರುವುದನ್ನೂ ನೇರಳೆ ಶಾಯಿಯ ಮೊಹರುಳ್ಳದ್ದನ್ನೂ ನೆನೆಸಬಾರದು.

ಬೆಲೆಗೆ ಬರುವುದು

ಭಾರತದ ಚೀಟಿಗಳಿಗೆ ಸ್ಟಾನ್ಲಿ ಗಿಬ್ಬನ್ಸ್ ಮತ್ತು ಸ್ಕಾಟ್ ಕ್ಯಾಟಲಾಗುಗಳೂ, ನಮ್ಮಲ್ಲಿಯೇ ಪ್ರಕಟವಾಗುವ ಫಿಲಾ ಇಂಡಿಯಾ ಕ್ಯಾಟಲಾಗೂ ಬಳಕೆಯಲ್ಲಿವೆ. ಅವುಗಳಲ್ಲಿ ಬಳಸದ ಚೀಟಿಗೂ ಬಳಸಿದ ಚೀಟಿಗೂ ಪ್ರತ್ಯೇಕ ಕಾಲಂ ಇರುತ್ತದೆ. ಆತುರದಲ್ಲಿ ಮೊದಲ ಕಾಲಂ ಓದಿ ಸಂತೋಷಪಡುವವರು ಬಹಳ. ಸ್ಟಾನ್ಲಿ ಗಿಬ್ಬನ್ಸ್ ಕೊಡುವ ಬೆಲೆಯು ಒಳ್ಳೆಯ ಸ್ಥಿತಿಯ ಪ್ರತಿಯನ್ನು ಆ ಸಂಸ್ಥೆ ತಾನೇ ಮಾರುವ ಬೆಲೆ, ಕೊಳ್ಳುವ ಬೆಲೆಯಲ್ಲ. ಅದನ್ನು ಪೌಂಡಿನಿಂದ ರೂಪಾಯಿಗೆ ತಿರುಗಿಸಿ ತಮ್ಮ ಚೀಟಿಯ ಬೆಲೆಯೆಂದುಕೊಳ್ಳುವಂತಿಲ್ಲ. ಅಗ್ಗದ ಚೀಟಿಗಳಿಗೆಲ್ಲ ಒಂದೇ ಆಗಿ ಕಾಣುವ ಅತಿ ಕಡಿಮೆ ಬೆಲೆಯು ಅಂಗಡಿಯವರು ಹುಡುಕಿ ಎತ್ತಿಕೊಡುವ ಶ್ರಮದ ಕೂಲಿಯಷ್ಟೇ.

ಕ್ಯಾಟಲಾಗು ಒಂದು ಚೀಟಿ ಇನ್ನೊಂದಕ್ಕಿಂತ ಎಷ್ಟು ವಿರಳವೆಂಬುದನ್ನು ತಿಳಿಸುತ್ತದೆ. ನಿಜವಾದ ಬೆಲೆ ತಿಳಿಯಬೇಕಾದರೆ ಅಂಥದ್ದೇ ಚೀಟಿ, ಅಂಥದ್ದೇ ಸ್ಥಿತಿಯಲ್ಲಿ, ಇತ್ತೀಚೆಗೆ ಎಷ್ಟಕ್ಕೆ ಮಾರಾಟವಾಗಿದೆಯೆಂದು ನೋಡಬೇಕು. ಆನ್‌ಲೈನ್ ಮಾರುಕಟ್ಟೆಗಳಲ್ಲಿ ಕೇಳುತ್ತಿರುವ ಬೆಲೆಯನ್ನು ಬಿಟ್ಟು, ಮಾರಾಟ ಮುಗಿದವುಗಳ ಪಟ್ಟಿಯನ್ನೇ ತೆರೆಯಬೇಕು. ಬೆಂಗಳೂರು, ಮುಂಬಯಿಗಳ ಹರಾಜು ಸಂಸ್ಥೆಗಳು ಹರಾಜಿನ ನಂತರ ಕೂಗಿ ಬಂದ ಬೆಲೆಗಳನ್ನು ಪ್ರಕಟಿಸುತ್ತವೆ. ಕ್ಯಾಟಲಾಗಿನಲ್ಲಿ 1000 ರೂಪಾಯಿಗೆ ಸಮನಾದ ಬೆಲೆಯಿರುವ ಒಂದು ಚೀಟಿಯನ್ನು ಕಲ್ಪಿಸಿಕೊಳ್ಳಿ. ಒಳ್ಳೆಯ ಸ್ಥಿತಿಯಲ್ಲಿದ್ದರೆ ಅದು ಸಂಗ್ರಾಹಕರ ನಡುವೆ ಅದರ ಕಾಲು ಭಾಗದಿಂದ ಅರ್ಧದವರೆಗಿನ ಬೆಲೆಗೆ ಕೈಬದಲಾಗುವುದು ಸಾಮಾನ್ಯ, ವ್ಯಾಪಾರಿ ಕೊಳ್ಳುವಾಗ ಅದಕ್ಕಿಂತ ಕಡಿಮೆ ಕೊಡುತ್ತಾನೆ, ಹರಿದು ತುಕ್ಕು ಹಿಡಿದದ್ದಕ್ಕೆ ಹತ್ತನೆಯ ಒಂದು ಭಾಗವೂ ಸಿಗದಿರಬಹುದು. ಸ್ವಾತಂತ್ರ್ಯಾನಂತರದ ಬಳಸಿದ ಚೀಟಿಗಳಲ್ಲಿ ಬಹುಪಾಲಿಗೆ, ಅದರಲ್ಲೂ 1970ರ ಈಚಿನವುಗಳಿಗೆ, ಬಿಡಿಯಾಗಿ ಹೇಳಿಕೊಳ್ಳುವಂಥ ಬೆಲೆಯಿಲ್ಲ. ಅವು ಮಕ್ಕಳ ಸಂಗ್ರಹಕ್ಕೆ ಒಳ್ಳೆಯ ಆರಂಭ.

ಗಾಂಧೀಜಿಯವರ ಹತ್ತು ರೂಪಾಯಿಯ ಬಗ್ಗೆ ಒಂದು ಸ್ಪಷ್ಟೀಕರಣ ಅಗತ್ಯ. 2017ರಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದ ಇಂಥ ನಾಲ್ಕು ಚೀಟಿಗಳ ಒಂದು ಸಾಲು 5 ಲಕ್ಷ ಪೌಂಡುಗಳಿಗೆ ಮಾರಾಟವಾದ ಸುದ್ದಿ ಎಲ್ಲೆಡೆ ಹರಡಿತು. ಅವು ಗವರ್ನರ್ ಜನರಲ್ ಕಚೇರಿಯ ಬಳಕೆಗೆಂದು "ಸರ್ವಿಸ್" ಎಂಬ ಮೇಲಚ್ಚು ಹಾಕಿಸಿದ, ಬೆರಳೆಣಿಕೆಯಷ್ಟು ಉಳಿದಿರುವ ಪ್ರತಿಗಳು. ಮೇಲಚ್ಚಿಲ್ಲದ ಸಾಮಾನ್ಯ ಹತ್ತು ರೂಪಾಯಿ ಚೀಟಿಯೂ ಬೆಲೆಬಾಳುವುದೇ, ಆದರೆ ಅದರ ಲೆಕ್ಕವೇ ಬೇರೆ. ಈ ಚೀಟಿಗೂ, 1852ರಲ್ಲಿ ಸಿಂಧ್ ಪ್ರಾಂತದಲ್ಲಿ ಬಂದ ಸಿಂಧ್ ಡಾಕ್ ಚೀಟಿಗೂ ನಕಲುಗಳು ಹೇರಳವಾಗಿವೆ. ಇಂಥ ಬೆಲೆಯ ಚೀಟಿ ಸಿಕ್ಕಿದೆಯೆಂದು ತೋರಿದರೆ ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ತಜ್ಞರ ಸಮಿತಿಯಂಥ ಮಾನ್ಯ ಸಂಸ್ಥೆಯ ಪ್ರಮಾಣಪತ್ರವಿಲ್ಲದೆ ಕೊಳ್ಳಲೂಬಾರದು, ಮಾರಲೂಬಾರದು. ಪ್ರಮಾಣಪತ್ರಕ್ಕೂ ಖರ್ಚಿದೆ, ಆದ್ದರಿಂದ ಚೀಟಿಯ ನಿರೀಕ್ಷಿತ ಬೆಲೆ ಆ ಖರ್ಚಿಗಿಂತ ಸಾಕಷ್ಟು ಮೇಲಿದ್ದಾಗಲಷ್ಟೇ ಕಳುಹಿಸಬೇಕು.

ಅದಕ್ಕೂ ಮೊದಲು ಅನುಭವಿಗಳ ಕಣ್ಣಿಗೆ ಬೀಳುವುದು ಲಾಭಕರ. ಬೆಂಗಳೂರಿನ ಜಿಪಿಒದಲ್ಲಿರುವ ಫಿಲಾಟೆಲಿಕ್ ಬ್ಯೂರೊ, ಕರ್ನಾಟಕ ಫಿಲಾಟೆಲಿಕ್ ಸೊಸೈಟಿ, ರಾಜ್ಯಮಟ್ಟದಲ್ಲಿ ನಡೆಯುವ ಕರ್ನಾಪೆಕ್ಸ್ ಪ್ರದರ್ಶನಗಳಲ್ಲಿ ಹಿರಿಯ ಸಂಗ್ರಾಹಕರು ಸಿಗುತ್ತಾರೆ. ಕಲಿಯಲು ಬಂದವರಿಗೆ ಅವರಲ್ಲಿ ಹೆಚ್ಚಿನವರು ಪ್ರೀತಿಯಿಂದ ಸಮಯ ಕೊಡುತ್ತಾರೆ. ಬ್ಯೂರೊ ಹೊಸ ಚೀಟಿಗಳನ್ನು ಮಾರುತ್ತದೆಯೇ ಹೊರತು ಹಳೆಯ ಚೀಟಿಗಳಿಗೆ ಬೆಲೆ ಕಟ್ಟುವ ಕಚೇರಿಯಲ್ಲ ಎಂಬುದು ತಿಳಿದಿರಲಿ.

ಹಳೆಯ ನಾಣ್ಯ, ನೋಟು, ಚೀಟಿಗಳಿಗೆ ಲಕ್ಷಗಟ್ಟಲೆ ಕೊಡುತ್ತೇವೆಂದು ಮೊಬೈಲಿಗೆ ಬರುವ ಸಂದೇಶಗಳನ್ನು ನಂಬಬಾರದು. ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ಮುಂಗಡ ಕೇಳಿದೊಡನೆ ಅದು ವಂಚನೆಯೆಂದು ತಿಳಿಯಬೇಕು. ಹಳೆಯ ನೋಟು ಮತ್ತು ನಾಣ್ಯಗಳ ಹೆಸರಿನಲ್ಲಿ ನಡೆಯುವ ಇಂಥ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿದೆ. ನಿಜವಾದ ಕೊಳ್ಳುಗನು ಹಣ ಕೊಡುತ್ತಾನೆ, ಕೇಳುವುದಿಲ್ಲ.

ಇಡುವ ಕ್ರಮ

ಮಾರುವ ಆತುರವಿಲ್ಲದಿದ್ದರೆ ಚೀಟಿಯನ್ನು ಅಂಟು ಹಚ್ಚದೆ, ಸೆಲೋಟೇಪು ಹಾಕದೆ, ಪಿವಿಸಿ ಅಲ್ಲದ ಪಾರದರ್ಶಕ ಪಟ್ಟಿಗಳಿರುವ ಸ್ಟಾಕ್‌ಬುಕ್ಕಿನಲ್ಲಿ ಇರಿಸಬೇಕು. ಪುಸ್ತಕವನ್ನು ಮಲಗಿಸದೆ ನಿಲ್ಲಿಸಿ ಇಡಬೇಕು, ಮಳೆಗಾಲದಲ್ಲಿ ಕಪಾಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಆಗಾಗ ಬದಲಿಸಬೇಕು. ಪ್ರತಿ ಚೀಟಿಯ ಜೊತೆಗೆ ಒಂದು ಸಣ್ಣ ಕಾಗದದಲ್ಲಿ ಕ್ಯಾಟಲಾಗು ಸಂಖ್ಯೆ, ನೀರುಗುರುತು, ರಂಧ್ರದ ಅಳತೆ, ಮೊಹರಿನ ಊರು ಮತ್ತು ದಿನಾಂಕ, ದೋಷಗಳು, ಅದು ಯಾರ ಮನೆಯ ಯಾವ ಕಾಗದದಿಂದ ಬಂತು ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿಡಬೇಕು. ಮುಂದೆ ಬೆಲೆ ಕಟ್ಟಲು ಕುಳಿತ ಯಾರೇ ಆಗಲಿ ಮೊದಲು ಕೇಳುವುದು ಇದೇ ವಿವರಗಳನ್ನು.